ಮನೆ ನಂಬರ್ ಕಾಣುವಂತೆ

ವಲಸೆ ಕಚೇರಿಯ ಗೇಟಿಗೆ ತಾಗಿಕೊಂಡೇ ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ಬಾತ್, ಫೋಟೋ ಆದರೆ ಇಪ್ಪತ್ತು.
ಮೆಕಾಂಗ್ ದಂಡೆಗೆ ಬಂದು ಮುದುಕರಾಗುವ ಬಿಳಿಯರೆಲ್ಲ
ಒಂದಲ್ಲ ಒಂದು ದಿನ ಈ ಬೆಂಚಿನಲ್ಲಿ ಬೆವರಿ
ಎದ್ದುಹೋದವರೇ.
ಅವರ ಪಾಸ್‌ಪೋರ್ಟಿನ ಮುಖ ನನಗೆ
ಅವರ ಮುಖಕ್ಕಿಂತ ಹೆಚ್ಚು ಪರಿಚಯ.

ಟೋರ್ಲೈಫ್ ನಾರ್ವೆಯವನು. ಹಡಗಿನ ಎಂಜಿನ್ ಬಿಚ್ಚಿ ಕಟ್ಟಿದ ಕೈ,
ಬಲಗೈ ಹೆಬ್ಬೆರಳಿನ ಉಗುರು ಅರ್ಧವೇ ಇದೆ.
ಕೇರಿಯ ಬಾಯಲ್ಲಿ ಲುಂಗ್ ಟೋ, ಟೋ ದೊಡ್ಡಪ್ಪ.

ಎಂಟು ವರ್ಷ ಅವನು ಇಲ್ಲಿಗೆ ಬಂದದ್ದು ಗಂಡನಾಗಿ.
ಗಂಡನ ವೀಸಾಕ್ಕೆ ಫೋಟೋ ಕೇಳುತ್ತಾರೆ:
ಇಬ್ಬರೂ ಮನೆ ಮುಂದೆ, ನಂಬರ್ ಕಾಣುವಂತೆ;
ಇಬ್ಬರೂ ಮನೆಯೊಳಗೆ, ಬಾಳ್ವೆ ಕಾಣುವಂತೆ.
ಬಾಳ್ವೆ ಹೇಗೆ ಕಾಣುತ್ತದೆ ಫೋಟೋದಲ್ಲಿ ಎಂದು
ಮೊದಲ ವರ್ಷ ಬುವಾಲಾ ನನ್ನನ್ನೇ ಕೇಳಿದ್ದಳು.
ಒಲೆ ಮುಂದೆ ನಿಂತುಕೋ ಅಂದೆ.
ನಿಂತಳು. ಒಲೆ ಹಚ್ಚಿರಲಿಲ್ಲ.
ಅವನು ಖಾಲಿ ಬಾಣಲೆಯಲ್ಲಿ ಸೌಟಾಡಿಸುತ್ತಿದ್ದ.
ಅಧಿಕಾರಿ ಒಪ್ಪಿಕೊಂಡ.

ಎಂಟೂ ಫೋಟೋ ನನ್ನ ಕಂಪ್ಯೂಟರಿನಲ್ಲಿ ಸಾಲಾಗಿ ಕೂತಿವೆ.
ಎಲ್ಲದರಲ್ಲೂ ೧೧೭/೪, ನೀಲಿ ತಗಡಿನ ಮೇಲೆ ಬಿಳಿ ಅಂಕಿ.
ಎಲ್ಲದರಲ್ಲೂ ಅವನದು ಅದೇ ಶರಟು, ವೀಸಾ ಶರಟು.
ಸೀಬೆಗಿಡ ಮೊಣಕಾಲಿನಿಂದ ಭುಜಕ್ಕೆ, ಭುಜದಿಂದ ಸೂರಿಗೆ.
ನಾಯಿ ಒಂದರಲ್ಲಿ ಇಲ್ಲ, ಮುಂದಿನದರಲ್ಲಿ ಬೇರೆ ನಾಯಿ.
ಆರನೆಯದರಲ್ಲಿ ಬುವಾಲಾ ತಲೆಗೆ ವಸ್ತ್ರ ಕಟ್ಟಿದ್ದಾಳೆ.
ಏಳನೆಯದರಲ್ಲಿ ಕುರ್ಚಿ.
ಎಂಟನೆಯದನ್ನು ಪ್ರಿಂಟ್ ಹಾಕುವಾಗ
ಬೆಳಕು ಒಂಚೂರು ಏರಿಸಿದೆ,
ಕೆನ್ನೆಗೆ ರಕ್ತ ಬಂದ ಹಾಗೆ ಕಂಡಿತು.
ಆ ದಿನ ದುಡ್ಡು ತಗೊಳ್ಳಲಿಲ್ಲ.

ಈ ವರ್ಷ ಒಬ್ಬನೇ ಬಂದ, ಸಾವಿನ ಪತ್ರ ಹಿಡಿದು.
ಮೂರು ಪ್ರತಿ.
ಹೆಂಡತಿಯ ಹಿಂದೆಯೇ ಗಂಡನ ವೀಸಾವೂ ಸಾಯುತ್ತದೆ,
ನಿವೃತ್ತರ ವೀಸಾಕ್ಕೆ ಬದಲಾಗಬೇಕು.
ಗಂಡನಾದರೆ ಬ್ಯಾಂಕಿನಲ್ಲಿ ನಾಲ್ಕು ಲಕ್ಷ ಸಾಕಿತ್ತು,
ಒಂಟಿ ಮುದುಕನಿಗೆ ಎಂಟು.
"ಅಂದರೆ" ಅಂದ, ಬೆರಳು ಮಡಿಸುತ್ತ,
"ಬುವಾಲಾಳ ಬೆಲೆ ನಾಲ್ಕು ಲಕ್ಷ.
ಗೊತ್ತಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು,
ಇಷ್ಟೇನಾ ಅಂತ."

ಆ ಇನ್ನೊಂದು ನಾಲ್ಕಕ್ಕೆ ಪಿಕಪ್ ಹೋಯಿತು,
ದೋಣಿ ಹೋಯಿತು, ಬುವಾಲಾಳ ಎರಡು ಬಳೆ ಬಿಟ್ಟು ಉಳಿದ ಚಿನ್ನ ಹೋಯಿತು.
ಎರಡು ತಿಂಗಳು ಆ ದುಡ್ಡು
ಖಾತೆ ಬಿಟ್ಟು ಕದಲುವಂತಿಲ್ಲ,
ಸೂತಕ ಹಿಡಿದವರ ಹಾಗೆ.

ಮನೆ ಇದ್ದದ್ದು ಅವಳ ಹೆಸರಿನಲ್ಲಿ. ಈಗ ಅವಳ ತಂಗಿಯದು.
ತಂಗಿ ಒಳ್ಳೆಯವಳು, ಬಾಡಿಗೆ ಕರಾರು ಬರೆದುಕೊಟ್ಟಿದ್ದಾಳೆ,
ತಿಂಗಳಿಗೆ ಒಂದು ಬಾತ್.
ಕಚೇರಿಯಲ್ಲಿ ನಂಬುವುದಿಲ್ಲ, ಸೊನ್ನೆ ಸೇರಿಸಿ ಅಂದೆ.
ಫೋನಿನಲ್ಲಿ ಅವಳನ್ನು ಕೇಳಿ ಮೂರು ಸೊನ್ನೆ ಸೇರಿಸಿದೆವು.
ತಾನೇ ಕೂರಿಸಿದ ಟೈಲ್ಸಿನ ಮೇಲೆ
ಬಾಡಿಗೆದಾರನಾಗಿ
ನೀಲಿ ಶಾಯಿಯಲ್ಲಿ ಪುಟಪುಟಕ್ಕೂ ಸಹಿ ಹಾಕಿದ.

ಎಲ್ಲ ಜೋಡಿಸಿ ಪಿನ್ ಹೊಡೆದಾದ ಮೇಲೆ
ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.
ತೆರೆದೆ.
ಮನೆ ಮುಂದೆ ಅವನು. ವೀಸಾ ಶರಟು, ಇಸ್ತ್ರಿಯಾಗಿಲ್ಲ.
೧೧೭/೪ ಸ್ಪಷ್ಟ.
ಎಡಕ್ಕೆ ಒಬ್ಬರು ನಿಲ್ಲುವಷ್ಟು ಗೋಡೆ.

"ಲುಂಗ್, ಇದಕ್ಕೆ ಫೋಟೋ ಬೇಡ.
ನಿವೃತ್ತರ ಬಾಳ್ವೆಗೆ ಸಾಕ್ಷಿ ಕೇಳುವುದಿಲ್ಲ."
ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ.
"ಪಕ್ಕದ ಮನೆಯ ಹುಡುಗ ತೆಗೆದದ್ದು.
ನಡುವಿಗೆ ಬನ್ನಿ, ನಡುವಿಗೆ ಬನ್ನಿ ಅಂತ ಮೂರು ಸಲ ಹೇಳಿದ.
ನಾನು ಹೋಗಲಿಲ್ಲ."

ಒಳಗಿನಿಂದ ನಲವತ್ತೊಂದು ಅಂತ ಕೂಗಿದರು.
ಎದ್ದ. ಚಿಲ್ಲರೆ ಎಣಿಸಿದ: ಪುಟಗಳಿಗೆ ಅರವತ್ತೆರಡು,
ಫೋಟೋಗೆ ಇಪ್ಪತ್ತು ಬೇರೆ, ಪ್ರಿಂಟ್ ಹಾಕಿಡು ಅಂತ.

ಬೆಂಚಿಗೆ ಆಗಲೇ ಇನ್ನೊಂದು ಜೋಡಿ ಬಂದು ಕೂತಿತ್ತು.
ಹುಡುಗಿ ಕೇಳಿದಳು: ಅಕ್ಕಾ, ಒಳಗಿನ ಫೋಟೋ ಹೇಗಿರಬೇಕು?
ಕಾಗದ ಬಿಸಿಯಾಗಿ ಹೊರಬರುತ್ತಿತ್ತು.
ಒಲೆ ಮುಂದೆ ನಿಂತುಕೋ ಅಂದೆ.
ಒಲೆ ಹಚ್ಚು. ಏನಾದರೂ ಬೇಯಿಸು, ಅವನಿಗೆ ಇಷ್ಟವಾದದ್ದು.
ಫೋಟೋದಲ್ಲಿ ವಾಸನೆ ಬರುವುದಿಲ್ಲವಲ್ಲ ಅಕ್ಕಾ ಎಂದಳು.
ಇರಲಿ, ಅಂದೆ.